ತುರ್ತು: ‘ಫೀಟಲ್ ಮೂವ್‌ಮೆಂಟ್’, ‘ಫೀಟಲ್ ಮಾನಿಟರಿಂಗ್’ — ಶುಕ್ರವಾರ ಅಚ್ಚಿಗೆ

ಮೈಸೂರಿನಿಂದ, ಪ್ರಶ್ನೆ:

ಕನ್ನಡ ಪದಗಳನ್ನು ಚರ್ಚಿಸುವ ಬಳಗದವರಿಗೆ ನಮಸ್ಕಾರ. ಬಸುರಿಯರ ಆರೋಗ್ಯ ಮತ್ತು ಹೊಟ್ಟೆಯೊಳಗಿನ ಮಗುವಿನ ಬೆಳವಣಿಗೆ ಕುರಿತ ಒಂದು ಸಂಶೋಧನೆಗೆ ಮಾಹಿತಿ ಹಾಳೆ, ಒಪ್ಪಿಗೆ ಪತ್ರ, ಜೊತೆಗೆ ಎನ್‌ಎಸ್‌ಟಿ (ಹೊಟ್ಟೆಯೊಳಗಿನ ಮಗುವಿನ ಹೃದಯಬಡಿತದ ಪರೀಕ್ಷೆ) ಕೋಣೆಯ ಬಾಗಿಲಿಗೆ ಒಂದು ಫಲಕ ಬರೆದುಕೊಡಬೇಕಾಗಿದೆ. ಸಮಿತಿಯಿಂದ ಬಂದ ಕರಡು ಹೀಗಿದೆ: ‘ಭ್ರೂಣದ ಚಲನವಲನಗಳಲ್ಲಿ ಇಳಿಕೆ ಕಂಡುಬಂದಲ್ಲಿ ತಕ್ಷಣ ವರದಿ ಮಾಡತಕ್ಕದ್ದು.’ ಫಲಕಕ್ಕೆ ‘ಭ್ರೂಣ ಮೇಲ್ವಿಚಾರಣಾ ಕೊಠಡಿ’. ಓದಬೇಕಾದವರಲ್ಲಿ ಅನೇಕರು ಏಳು–ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಕೆಲವರಿಗೆ ಆಶಾ ಕಾರ್ಯಕರ್ತೆಯೇ ಓದಿ ಹೇಳಬೇಕು. ಫೀಟಸ್, ಮೂವ್‌ಮೆಂಟ್, ಮಾನಿಟರಿಂಗ್ ಮೂರಕ್ಕೂ ಕನ್ನಡ ಪದ ಬೇಕು. ‘ಹಾರ್ಟ್‌ಬೀಟ್’ಗೆ ಸದ್ಯಕ್ಕೆ ‘ಹೃದಯಬಡಿತ’ ಅಂತ ಇಟ್ಟಿದ್ದೇನೆ.

ಉಡುಪಿಯಿಂದ:

‘ಭ್ರೂಣ’ವನ್ನು ಮುಟ್ಟಬೇಡಿ. ಧರ್ಮಸೂತ್ರಗಳಷ್ಟು ಹಳೆಯ ಶಬ್ದ. ‘ಭ್ರೂಣಹಾ’ ಎಂಬಲ್ಲಿ ಭ್ರೂಣವೆಂದರೆ ಗರ್ಭವೋ, ವೇದವಿದನಾದ ಬ್ರಾಹ್ಮಣನೋ ಎಂದು ವ್ಯಾಖ್ಯಾನಕಾರರು ಚರ್ಚಿಸಿದ್ದಾರೆ. ಅಷ್ಟು ಅರ್ಥಗೌರವವಿರುವ ಪದ. ಮೊದಲ ಎಂಟು ವಾರದ್ದಕ್ಕೆ ‘ಪಿಂಡ’, ಅನಂತರದ್ದಕ್ಕೆ ‘ಭ್ರೂಣ’ ಎಂದು ಶಾಸ್ತ್ರೀಯವಾಗಿ ಬೇರ್ಪಡಿಸಬಹುದು. ‘ಹೃದಯಬಡಿತ’ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದದ್ದು. ಬಿರುದಾವಳಿಗೆ ವ್ಯಾಕರಣಕಾರ ಕೇಶಿರಾಜ ವಿನಾಯಿತಿ ಕೊಟ್ಟಿದ್ದಾನೆ, ಆಸ್ಪತ್ರೆಯ ಫಲಕಕ್ಕಲ್ಲ. ‘ಹೃದಯಸ್ಪಂದನ’ ಎನ್ನಿ.

ಬೆಂಗಳೂರಿನಿಂದ:

ಅರಿಸಮಾಸದ ತೊಡಕು ಬಿಡಿಸಲು ಎರಡೂ ತುಂಡನ್ನು ಸಕ್ಕದ (ಸಂಸ್ಕೃತ) ಮಾಡಬೇಕಿಲ್ಲ, ಎರಡನ್ನೂ ಕನ್ನಡ ಮಾಡಿದರೆ ಆಯಿತು: ಗುಂಡಿಗೆಬಡಿತ. ‘ಬಸಿರು’ ನೋಡಿ. ಹಳಗನ್ನಡದಲ್ಲಿ ಬಸಿಱ್ ಎಂದರೆ ಹೊಟ್ಟೆಯೇ. ತಮಿಳಿನ ವಯಿಱು ಇದರ ಒಡಹುಟ್ಟು. ಹೊಟ್ಟೆ ಎಂಬ ಹುರುಳು ಸವೆದುಹೋಗಿ ಈಗ ಗರ್ಬ ಎಂಬುದೊಂದೇ ಉಳಿದಿದೆ. ಇಂತಹ ಬೇರುಳ್ಳ ಪದ ಕಣ್ಣೆದುರೇ ಇರುವಾಗ ಬ್ರೂಣ ಏಕೆ? ‘ಬಸಿರ್ಗೂಸು’ ಎಂದು ಕಟ್ಟಿ. ಮಾನಿಟರಿಂಗ್ = ಕಣ್ಗಾವಲು. ಮೂವ್‌ಮೆಂಟ್ = ಮಿಡುಕಾಟ; ಮಿಡುಕು ಎಂದರೆ ಅಲುಗು, ಹಳಗನ್ನಡದಲ್ಲಿ ಬೇಕಾದಶ್ಟು ಬಳಕೆ ಇದೆ.

ಹಾವೇರಿಯಿಂದ:

ನಾನು ಹೆರಿಗೆ ವಾರ್ಡಿನಲ್ಲಿ ಕೆಲಸ ಮಾಡುವವಳು. ಈ ಹಾಳೆ ಓದುವವರ ಜೊತೆ ದಿನವೂ ಮಾತಾಡುತ್ತೇನೆ.

ಭ್ರೂಣ ಬೇಡವೇ ಬೇಡ. ಉಡುಪಿಯ ಸರ್ ಹೇಳುವ ಅರ್ಥಗೌರವ ಗ್ರಂಥದಲ್ಲಿದೆ. ನಮ್ಮ ಹೆಣ್ಣುಮಕ್ಕಳು ಆ ಪದ ಓದಿರುವುದು ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ. 1994ರ ಕಾಯ್ದೆ ಬಂದಮೇಲೆ ‘ಭ್ರೂಣಲಿಂಗ ಪತ್ತೆ ಅಪರಾಧ’ ಎಂಬ ಬೋರ್ಡು ಎಲ್ಲ ಕಡೆ ಇದೆ. ಬೀದಿನಾಟಕದಲ್ಲಿ ‘ಹೆಣ್ಣು ಭ್ರೂಣಹತ್ಯೆ’. ಅವರ ಪಾಲಿಗೆ ಭ್ರೂಣದ ಹಿಂದೆಯೇ ಹತ್ಯೆಯೋ ಅಪರಾಧವೋ ಬರುತ್ತದೆ. ತುಂಬಿದ ಬಸುರಿಯನ್ನು ‘ಭ್ರೂಣ ಮೇಲ್ವಿಚಾರಣೆ’ ಎಂದು ಬರೆದ ಬಾಗಿಲಿಂದ ಒಳಗೆ ಕಳಿಸಬೇಡಿ. ‘ಹೊಟ್ಟೆಯೊಳಗಿನ ಮಗು’ ಎಂದು ಒಮ್ಮೆ ಬರೆಯಿರಿ, ಮುಂದೆಲ್ಲ ‘ಮಗು’ ಸಾಕು.

ಮಿಡುಕಾಟ ಇವತ್ತಿನ ಕನ್ನಡದಲ್ಲಿ ಸಂಕಟ, ಕೊರಗು. ಹಳಗನ್ನಡ ಏನೇ ಹೇಳಲಿ. ‘ಒದ್ದಾಟ’ ಎಂದೂ ಯಾರಾದರೂ ಹೇಳಿಯಾರು, ಅದೂ ನರಳುವುದೇ. ‘ಕಿಕ್ ಕೌಂಟ್’ ಎಂಬುದನ್ನು ‘ಒದೆತದ ಎಣಿಕೆ’ ಮಾಡಿದ ಹಾಳೆಯೊಂದನ್ನು ನೋಡಿದ್ದೇನೆ, ಅದು ಇನ್ನೂ ಕೆಟ್ಟದ್ದು. ದಿನ ತುಂಬುತ್ತ ಬಂದಂತೆ ಜೋರಾದ ಒದೆತಕ್ಕಿಂತ ಹೊರಳುವುದು, ಮೈ ಮುರಿಯುವುದು, ತಳ್ಳುವುದು ಹೆಚ್ಚಾಗಿ ಗೊತ್ತಾಗುತ್ತದೆ. ಬರೀ ಒದೆತ ಎಣಿಸು ಅಂದರೆ ಹೊರಳಿದ್ದನ್ನು ಆಕೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇತ್ತ ಬಿಕ್ಕಳಿಕೆಯನ್ನು ಎಣಿಸಿಬಿಡುತ್ತಾಳೆ, ಅದನ್ನು ಎಣಿಸಬಾರದು. ‘ಮಿಸುಕಾಟ’ ಎಂದರೆ ಒದೆತ, ಹೊರಳು, ತಿರುಗು ಎಲ್ಲವೂ ಅದರಲ್ಲೇ ಬಂತು.

ನಮ್ಮ ಕಡೆ ‘ಕೂಸು ಆಡತೈತಿ’ ಅಂತಾರೆ. ರಾತ್ರಿ ಫೋನು ಬಂದರೆ ಬರುವುದು ಒಂದೇ ಮಾತು: ‘ಅಕ್ಕಾರ, ನಿನ್ನಿಯಿಂದ ಕೂಸು ಆಡವಲ್ದು.’ ಯಾರೂ ‘ಚಲನವಲನದಲ್ಲಿ ಇಳಿಕೆ’ ಎಂದು ಹೇಳುವುದಿಲ್ಲ. ಆಕೆ ಯಾವ ಮಾತಿನಲ್ಲಿ ಹೇಳಬಲ್ಲಳೋ ಅದೇ ಮಾತು ಹಾಳೆಯಲ್ಲಿರಬೇಕು.

ಇನ್ನೊಂದು, ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿ. ‘ದಿನ ತುಂಬಿದ ಮೇಲೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ’ ಎಂದು ಮನೆಯಲ್ಲಿ ಅತ್ತೆ, ಅಜ್ಜಿ ಎಲ್ಲರೂ ಸಮಾಧಾನ ಹೇಳುತ್ತಾರೆ. ಅದು ಸುಳ್ಳು. ಮಿಸುಕುವ ರೀತಿ ಬದಲಾಗಬಹುದು, ಮಿಸುಕುವುದು ನಿಲ್ಲುವುದಿಲ್ಲ. ಹಾಳೆಯಲ್ಲಿ ‘28 ವಾರ’ ಎಂದು ಬರುವ ಕಡೆ ಪಕ್ಕದಲ್ಲಿ ‘ಏಳನೇ ತಿಂಗಳು’ ಎಂದೂ ಸೇರಿಸಿ. ವಾರದ ಲೆಕ್ಕ ತಾಯಿ ಕಾರ್ಡಿನಲ್ಲಿ ಇರುತ್ತದೆ, ಅವರ ಬಾಯಲ್ಲಿ ಇರುವುದಿಲ್ಲ.

ಲೀಡ್ಸ್‌ನಿಂದ:

ಹಾವೇರಿಯವರ ಮಾತಿಗೆ ನನ್ನ ಒಪ್ಪಿಗೆ. ಸಂಖ್ಯೆಯ ಬಗ್ಗೆ ಒಂದು ಎಚ್ಚರ. ಇಷ್ಟು ಹೊತ್ತಿನೊಳಗೆ ಮಗು ಹತ್ತು ಸಲ ಮಿಸುಕಬೇಕು ಎಂಬ ‘ಹತ್ತು ಮಿಸುಕಾಟ’ದ ಲೆಕ್ಕಕ್ಕೆ ಒಂದೇ ರೂಪವಿಲ್ಲ: 1970ರ ದಶಕದ ಕಾರ್ಡಿಫ್ ಪದ್ಧತಿಯಲ್ಲಿ ಹನ್ನೆರಡು ಗಂಟೆಗೆ ಹತ್ತು, ಬೇರೆ ಕಡೆ ಎರಡು ಗಂಟೆಗೆ ಹತ್ತು. ಬ್ರಿಟನ್ನಿನಲ್ಲಿ ಈಗ ಸಂಖ್ಯೆ ಕೊಡದೆ ‘ನಿಮ್ಮ ಮಗುವಿನ ವಾಡಿಕೆ ನಿಮಗೆ ಗೊತ್ತು, ಅದು ಬದಲಾದರೆ ಬನ್ನಿ’ ಎನ್ನುತ್ತಾರೆ. ‘ಮಿಸುಕಾಟ ಗಮನಿಸಿದರೆ ಮಗು ಉಳಿಯುತ್ತದೆ’ ಎಂಬ ಭರವಸೆಯ ವಾಕ್ಯವೂ ಬೇಡ. 33 ಆಸ್ಪತ್ರೆಗಳ, 4 ಲಕ್ಷಕ್ಕೂ ಹೆಚ್ಚು ಬಸಿರುಗಳ ಅಫರ್ಮ್ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ತಾಯಂದಿರಿಗೂ ಸಿಬ್ಬಂದಿಗೂ ತಿಳಿವಳಿಕೆ ಕೊಟ್ಟು, ಮಿಸುಕಾಟ ಕಡಿಮೆಯಾಯಿತೆಂಬ ದೂರು ಬಂದಾಗ ಏನು ಮಾಡಬೇಕೆಂದು ಗೊತ್ತುಮಾಡಿದರೂ ಸತ್ತು ಹುಟ್ಟುವ ಮಕ್ಕಳ ಪ್ರಮಾಣ ಖಚಿತವಾಗಿ ತಗ್ಗಲಿಲ್ಲ, ಸಿಸೇರಿಯನ್ ಹೆಚ್ಚಿತು. ಹಾಗೆಂದು ಬರಬೇಡಿ ಎಂದಲ್ಲ. ಬರಲೇಬೇಕು. ಒಪ್ಪಿಗೆ ಪತ್ರದಲ್ಲಿ ಇಲ್ಲದ ಭರವಸೆ ಇರಬಾರದು, ಅಷ್ಟೆ.

ಮೈಸೂರಿನಿಂದ, ಪ್ರಶ್ನೆ ಕೇಳಿದವರು:

ಮಗು, ಮಿಸುಕಾಟ ಎರಡೂ ನಿಂತವು. ಮಾನಿಟರಿಂಗ್‌ಗೆ ‘ನಿಗಾ’ ಆದೀತೆ? ಇನ್ನೊಂದು ತೊಡಕು ‘ಫೀಟಲ್ ಪ್ರೋಗ್ರಾಮಿಂಗ್’, ಅಂದರೆ ಹೊಟ್ಟೆಯೊಳಗಿನ ಬೆಳವಣಿಗೆ ಮಗುವಿನ ಮುಂದಿನ ಆರೋಗ್ಯವನ್ನು ರೂಪಿಸುತ್ತದೆ ಎಂಬ ವಿಚಾರ. ‘ಮುಂದಿನ ಆರೋಗ್ಯದ ಬುನಾದಿ’ ಎಂದು ಬರೆದಿದ್ದೇನೆ.

ಬೆಂಗಳೂರಿನಿಂದ:

ನಿಗಾ ಪಾರಸಿ. ಬುನಾದಿಯೂ ಪಾರಸಿ. ಸಕ್ಕದದಿಂದ ಬಿಡಿಸಿಕೊಂಡು ಪಾರಸಿಗೆ ಬೀಳುವುದು ಯಾವ ಕನ್ನಡ?

ಉಡುಪಿಯಿಂದ:

‘ಗರ್ಬ’, ‘ಬ್ರೂಣ’ ಎಂದು ಬರೆದು ಮಹಾಪ್ರಾಣವನ್ನೇ ಕಿತ್ತುಹಾಕಿದವರಿಂದ ಕನ್ನಡದ ಪಾಠ ಬೇಡ. ‘ಪರಿವೀಕ್ಷಣೆ’ ಎನ್ನಿ.

ಕಲಬುರಗಿಯಿಂದ:

ನಮ್ಮಲ್ಲಿ ಆಸ್ಪತ್ರೆಗೇ ದವಾಖಾನೆ ಎನ್ನುತ್ತೇವೆ. ದವಾ ಅರಬ್ಬಿ, ಖಾನೆ ಪಾರಸಿ, ಆಡುವ ಬಾಯಿ ಕನ್ನಡದ್ದು. ನಿಮ್ಮ ಆಸ್ಪತ್ರೆಯೂ ಕಡಲಾಚೆಯಿಂದ ಬಂದದ್ದೇ. ‘ತೀವ್ರ ನಿಗಾ ಘಟಕ’ ಎಂದು ದಿನಾ ಪತ್ರಿಕೆಯಲ್ಲಿ ಬರುತ್ತದೆ, ಯಾರಿಗೂ ಅರ್ಥ ಕೇಳುವ ಕೆಲಸವಿಲ್ಲ. ಕಣ್ಗಾವಲು ಎಂದರೆ ಪೊಲೀಸರು, ಕ್ಯಾಮೆರಾ. ಹೊಟ್ಟೆಯ ಕೂಸಿಗೆ ಕಣ್ಗಾವಲು ಹಾಕುವವರು ಯಾರು? ಪರಿವೀಕ್ಷಣೆ ಸೇತುವೆಗೆ, ರಸ್ತೆಗೆ ಇರಲಿ. ಎಲ್ಲಿಂದ ಬಂತು ಎಂಬುದಕ್ಕೆ ಬಾಗಿಲು ಕಾಯುತ್ತ ಕೂತರೆ ನಮ್ಮ ಕಡೆಯವರ ಅರ್ಧ ಮಾತು ಕನ್ನಡದ ಹೊರಗೇ ನಿಲ್ಲಬೇಕಾಗುತ್ತದೆ. ಇದನ್ನು ಈ ಬಳಗದಲ್ಲಿ ಹಿಂದೆಯೂ ಹೇಳಿದ್ದೇನೆ.

ಮೈಸೂರಿನಿಂದ, ಇನ್ನೊಬ್ಬರು:

ಬುನಾದಿ ಇರಲಿ. ಈ ವಿಚಾರಕ್ಕೂ ನಮ್ಮೂರಿಗೂ ನಂಟಿದೆ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯನ್ನು ಇಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆ ಎನ್ನುತ್ತಾರೆ. 1934ರಿಂದ ಅಲ್ಲಿ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ದಾಖಲೆಯಲ್ಲಿ ಬರೆದಿಟ್ಟಿದ್ದರು. ಆ ಮಕ್ಕಳು ನಡುವಯಸ್ಸು ದಾಟಿದಾಗ ಹುಡುಕಿ ತಪಾಸಣೆ ಮಾಡಿದರೆ, ಹುಟ್ಟುವಾಗ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗ ಹೆಚ್ಚು ಕಂಡಿತು. 1996ರಲ್ಲಿ ಅದು ಪ್ರಕಟವಾಯಿತು. ಮುಂದೆ 1997–98ರಲ್ಲಿ ಅದೇ ಆಸ್ಪತ್ರೆಗೆ ತೋರಿಸಿಕೊಳ್ಳಲು ಬಂದ ಬಸುರಿಯರ ಸಕ್ಕರೆ ಪರೀಕ್ಷೆ ಮಾಡಿ, ಅವರ ಮಕ್ಕಳನ್ನು ಬೆಳೆಯುತ್ತ ಹೋದಂತೆ ಗಮನಿಸಿದ್ದು ಪಾರ್ಥೆನಾನ್ ಅಧ್ಯಯನ. ‘ಪ್ರೋಗ್ರಾಮಿಂಗ್’ ಎನ್ನುವಾಗ ಹಣೆಬರಹದ ಹಾಗೆ ಕೇಳಿಸುವ ಪದ ಮಾತ್ರ ಬೇಡ. ತಪ್ಪೆಲ್ಲ ತನ್ನದೇ ಎಂದು ತಾಯಿ ತಿಳಿದುಕೊಂಡಾಳು. ಬುನಾದಿಯಲ್ಲಿ ಆ ಹೆದರಿಕೆ ಇಲ್ಲ. ಮನೆ ಕಟ್ಟುವುದು ಇನ್ನೂ ಬಾಕಿ ಇದೆ ಎಂಬ ಅರ್ಥವೂ ಬರುತ್ತದೆ.

ಹಾವೇರಿಯಿಂದ:

ಹೃದಯಬಡಿತ ಹಾಗೇ ಇರಲಿ. ಎದೆಬಡಿತ ಅಂದರೆ ಗಾಬರಿ, ಗುಂಡಿಗೆ ಅಂದರೆ ಧೈರ್ಯ. ಅರಿಸಮಾಸವೋ ಅಲ್ಲವೋ, ಆಕೆಗೆ ಗೊತ್ತಿರುವುದು ಅದೊಂದೇ. ನಿಮಿಷಕ್ಕೆ 110ರಿಂದ 160 ಸಹಜ ಎಂದೂ ಬರೆಯಿರಿ. ಯಂತ್ರದಲ್ಲಿ ಅಷ್ಟು ವೇಗವಾಗಿ ಬಡಿಯುವುದು ಕೇಳಿದ ಕೂಡಲೇ ಮಗುವಿಗೆ ಏನೋ ಆಗಿದೆ ಎಂದು ಅಳುವವರಿದ್ದಾರೆ.

ಮೈಸೂರಿನಿಂದ, ಪ್ರಶ್ನೆ ಕೇಳಿದವರು:

ಅಚ್ಚಿಗೆ ಹೋಗುತ್ತಿರುವುದು ಇದು.

ಫಲಕ: ‘ಹೊಟ್ಟೆಯೊಳಗಿನ ಮಗುವಿನ ಹೃದಯಬಡಿತ ನೋಡುವ ಕೋಣೆ’. ನಿಗಾ, ಕಣ್ಗಾವಲು, ಪರಿವೀಕ್ಷಣೆ ಮೂರನ್ನೂ ಫಲಕದಿಂದ ಬಿಟ್ಟೆ, ‘ನೋಡುವ’ ಸಾಕಾಯಿತು. ಒಪ್ಪಿಗೆ ಪತ್ರದ ಒಳಗೆ ನಿಗಾ ಇದೆ.

ಹಾಳೆ: ‘ಮಗು ಮಿಸುಕಾಡುವುದು (ಆಡುವುದು, ಹೊರಳುವುದು, ಒದೆಯುವುದು) ಎಂದಿಗಿಂತ ಕಡಿಮೆಯಾದರೆ, ಅಥವಾ ನಿಂತಿತು ಅನಿಸಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಬನ್ನಿ. ದಿನ ತುಂಬಿದ ಮೇಲೂ ಮಗು ಮಿಸುಕಾಡುತ್ತಲೇ ಇರಬೇಕು.’

ಕಲಬುರಗಿಯವರೆ, ‘ಆಡುವುದು’ ನಿಮ್ಮ ಕಡೆಯೂ ಇದೇ ಅರ್ಥದಲ್ಲಿ ನಡೆಯುತ್ತದೆಯೆ? ನಾಳೆ ಮಧ್ಯಾಹ್ನದೊಳಗೆ ತಿಳಿಸಿದರೆ ಬದಲಾಯಿಸಲು ಆಗುತ್ತದೆ.

ಕಲಬುರಗಿಯಿಂದ:

ನಡೆಯುತ್ತದೆ. ‘ಆಸ್ಪತ್ರೆ’ಯ ಪಕ್ಕ ‘ದವಾಖಾನೆ’ಯನ್ನೂ ಸೇರಿಸಿ.

ಉಡುಪಿಯಿಂದ:

‘ಭ್ರೂಣ’ ಬಿಟ್ಟದ್ದಕ್ಕೆ ನನ್ನ ಸಮ್ಮತಿಯಿಲ್ಲ. ‘ಬೆಳಗಾಗಲಿ ಎಂದು ಕಾಯಬೇಡಿ’ ಒಳ್ಳೆಯ ವಾಕ್ಯ, ಅದನ್ನು ಮೇಲಿನ ಸಾಲಿಗೆ ತನ್ನಿ.