ಧ್ರುವನನ್ನು ನಡುವೆ ಇಟ್ಟರೂ ಸುತ್ತು ಬೇರೆಲ್ಲೋ ಬರುತ್ತಿದೆ, ಯಾಕೆ?

ಮಾಳಿಗೆ ಕ್ಯಾಮೆರಾ, ವಿಜಯಪುರ:
ನಮಸ್ಕಾರ ರೀ. ಸೆಕೆಗೆ ಹೇಗೂ ಮಾಳಿಗೆ ಮೇಲೇ ಮಲಗುತ್ತೇವೆ. ಸುಮ್ನೆ ಆಕಾಶ ನೋಡುವ ಬದಲು ನಕ್ಷತ್ರ ಸುತ್ತುವ ಫೋಟೋ ತೆಗೆಯೋಣ ಅಂತ ಕೂತೆ. ಏಪ್ರಿಲ್ ಕೊನೆ, ರಾತ್ರಿ 10ರಿಂದ 12. 18 ಎಂಎಂ ಲೆನ್ಸ್, 30 ಸೆಕೆಂಡಿನ 240 ಫೋಟೋ, ಆಮೇಲೆ ಎಲ್ಲಾ ಒಂದರ ಮೇಲೊಂದು ಜೋಡಿಸಿದೆ. ಧ್ರುವನನ್ನು ನಟ್ಟನಡುವೆ ಇಟ್ಟಿದ್ದೆ. ಅವನೇ ಎಡಕ್ಕೆ ಉದ್ದ ಗೆರೆ ಎಳೆದುಬಿಟ್ಟಿದ್ದಾನೆ! ಸುತ್ತಿನ ನಡು ಕೆಳಗೆ, ಪಕ್ಕದ ಮನೆ ನೀರಿನ ಟ್ಯಾಂಕಿನ ಮೇಲೆ ಬಂದಿದೆ. ಟ್ರೈಪಾಡ್ ಅಲುಗಾಡಿತಾ?

ಘಟಪ್ರಭಾ ದಂಡೆ, ಬಾಗಲಕೋಟೆ:
ಟ್ರೈಪಾಡ್ ಅಲುಗಾಡಿದ್ದರೆ ಗೆರೆಗಳೆಲ್ಲ ಮುರಿಯುತ್ತಿದ್ದವು. ಫೋನಿನ ಕಂಪಾಸ್ ನೋಡಿ ಹೊಂದಿಸಿದಿರಾ? ಮಾಳಿಗೆಯ ಕಬ್ಬಿಣಕ್ಕೆ ಅದು ದಿಕ್ಕು ತಪ್ಪುತ್ತದೆ.

ಮಾಳಿಗೆ ಕ್ಯಾಮೆರಾ:
ಕಂಪಾಸ್ ಪ್ರಕಾರ ಉತ್ತರ ಇನ್ನೂ ಎಡಕ್ಕೆ ಇತ್ತು. ಅದೇ ಸುಳ್ಳು ಅಂದುಕೊಂಡೆ. ವಿಡಿಯೋದಲ್ಲಿ ಹೇಳಿದ ಎತ್ತರಕ್ಕೆ ಸರಿಯಾಗಿ ನಕ್ಷತ್ರ ಸಿಕ್ಕಿತಲ್ಲ: ಕೈ ನೀಟಾಗಿ ಚಾಚಿದರೆ ಮೂರು ಮುಷ್ಟಿ.

ರಾತ್ರಿ ಗಸ್ತು, ಬೆಳಗಾವಿ:
ಆ ವಿಡಿಯೋ ದೆಹಲಿಯವರದಾ?

ಮಾಳಿಗೆ ಕ್ಯಾಮೆರಾ:
ಹೌದು! ಹೇಗೆ ಗೊತ್ತಾಯಿತು?

ರಾತ್ರಿ ಗಸ್ತು:
ಧ್ರುವ ಎಷ್ಟು ಎತ್ತರದಲ್ಲಿ ಕಾಣುತ್ತಾನೆ ಅನ್ನುವುದು ಊರಿನ ಅಕ್ಷಾಂಶದ ಲೆಕ್ಕ. ದೆಹಲಿಯಲ್ಲಿ ಸುಮಾರು 28.6 ಡಿಗ್ರಿ, ಅಂದರೆ ಮೂರು ಮುಷ್ಟಿಗೆ ಸ್ವಲ್ಪ ಕಡಿಮೆ. ವಿಜಯಪುರದಲ್ಲಿ 17 ಡಿಗ್ರಿ ಕೂಡ ಇಲ್ಲ, ಎರಡು ಮುಷ್ಟಿ ತುಂಬುವುದಿಲ್ಲ. ನೀವು ಹಿಡಿದದ್ದು ಕೋಕಾಬ್. ಲಘು ಸಪ್ತರ್ಷಿ ಅನ್ನುವ ನಕ್ಷತ್ರಪುಂಜದ ಒಂದು ತುದಿಗೆ ಧ್ರುವ, ಇನ್ನೊಂದು ತುದಿಗೆ ಇದು. ಹೊಳಪು ಹೆಚ್ಚೂಕಡಿಮೆ ಧ್ರುವನಷ್ಟೇ, ಬಣ್ಣ ಮಾತ್ರ ಸ್ವಲ್ಪ ಕಿತ್ತಳೆ. ಏಪ್ರಿಲ್ ರಾತ್ರಿ 10ಕ್ಕೆ ನಮ್ಮ ಕಡೆ ಅದು ಸುಮಾರು 28 ಡಿಗ್ರಿ ಮೇಲೆ, ಉತ್ತರಕ್ಕಿಂತ ಬಲಗಡೆ ಇರುತ್ತದೆ. ನಿಮ್ಮ ಕಂಪಾಸ್ ಪಾಪ, ನಿಜವನ್ನೇ ಹೇಳಿದೆ.

ಆ ಹೊತ್ತಿಗೆ ಸಪ್ತರ್ಷಿ ಮಂಡಲ ಉತ್ತರದಲ್ಲಿ ಎತ್ತರಕ್ಕೆ ಏರಿರುತ್ತದೆ. ಅದರ ಚೌಕದಲ್ಲಿ ಬಾಲ ಇಲ್ಲದ ಕಡೆಯ ಅಂಚಿಗೆ ಎರಡು ನಕ್ಷತ್ರ: ಮೇಲಿನದು ಪುಲಹ, ಕೆಳಗಿನದು ಕ್ರತು. ಪುಲಹನಿಂದ ಕ್ರತುವಿಗೆ ಗೆರೆ ಎಳೆಯಿರಿ. ಅದೇ ಅಂತರದ ಐದು ಪಟ್ಟು ಕೆಳಗೆ ಇಳಿಯಿರಿ. ಅಲ್ಲಿ ಧೂಳಿನ ಮಬ್ಬಿನಲ್ಲಿ, ಬೀದಿದೀಪದ ಬೆಳಕಿನ ಮೇಲೆ ಮಂಕಾಗಿ ಕೂತವನೇ ಧ್ರುವ. ಆಕಾಶದಲ್ಲಿ ಅವನೇ ಜಾಸ್ತಿ ಹೊಳೆಯುತ್ತಾನೆ ಅಂತ ಯಾರು ಹಬ್ಬಿಸಿದರೋ!

ಮಾಳಿಗೆ ಕ್ಯಾಮೆರಾ:
ಸಿಕ್ಕಿದ ರೀ! ಅದೇ ಟ್ಯಾಂಕಿನ ಮೇಲೆ. ಹೊಸ ಫೋಟೋದಲ್ಲಿ ಸುತ್ತು ಸರಿಯಾಗಿ ಬಂದಿದೆ. ಆದರೆ ದೊಡ್ಡದು ಮಾಡಿ ನೋಡಿದರೆ ಧ್ರುವನೂ ಚಿಕ್ಕ ಗೆರೆ ಎಳೆದಿದ್ದಾನೆ. ಮದುವೆಯಲ್ಲಿ ಅಲುಗಾಡದವನು ಅಂತ ತೋರಿಸಿದ್ದರಲ್ಲ, ನಮ್ಮವ್ವ ಒಪ್ಪುತ್ತಿಲ್ಲ.

ರಾತ್ರಿ ಗಸ್ತು:
ಅದು ತಪ್ಪಲ್ಲ, ಹಾಗೇ ಬಿಡಿ. ಅವನು ನಿಜವಾದ ಧ್ರುವಬಿಂದುವಿನಿಂದ, ಅಂದರೆ ಸುತ್ತಿನ ನಟ್ಟನಡುವಿನಿಂದ, 0.6 ಡಿಗ್ರಿಗಿಂತ ತುಸು ಜಾಸ್ತಿ ದೂರ ಇದ್ದಾನೆ, ಹುಣ್ಣಿಮೆ ಚಂದ್ರನ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಭೂಮಿಯ ಅಕ್ಷ ಬುಗುರಿಯ ಹಾಗೆ ತೂಗಿ ಒಂದು ಸುತ್ತು ಬರಲು ಸುಮಾರು 26,000 ವರ್ಷ ಬೇಕು. ಅದರ ಜೊತೆ ಆ ಬಿಂದುವೂ ಸರಿಯುತ್ತದೆ, ಹಾಗಾಗಿ ಸುಮಾರು 4,700 ವರ್ಷದ ಹಿಂದೆ ಧ್ರುವದ ಜಾಗದಲ್ಲಿ ಥುಬಾನ್ ಅನ್ನುವ ಬೇರೆ ನಕ್ಷತ್ರ ಇತ್ತು. ಅವ್ವನಿಗೆ ಇಷ್ಟೇ ಹೇಳಿ: ಬರಿಗಣ್ಣಿಗೆ ಅವನು ಅಲುಗಾಡುವುದಿಲ್ಲ.

ಘಟಪ್ರಭಾ ದಂಡೆ:
ಫೋಟೋ ಹಾಕಿ ಮಾರಾಯ್ರೇ. ಟ್ಯಾಂಕ್ ಕತ್ತರಿಸಬೇಡಿ, ಅದು ಇದ್ದರೇ ಚಂದ.