ಆಲೆಮನೆಯ ಸಂಗೀತ ನಾಟಕವನ್ನು ಸಿನಿಮಾ ಮಾಡುವಾಗ ಹಾಡುಗಳ ಗತಿಯೇನು?

ಕೆರೆಯಂಗಳ, ಮಂಡ್ಯ
ಎಲ್ಲರಿಗೂ ನಮಸ್ಕಾರ. ಮಂಡ್ಯದ ನಮ್ಮ ಹವ್ಯಾಸಿ ತಂಡ ಆರು ವರ್ಷಗಳಿಂದ ಆಡುತ್ತ ಬಂದಿರುವ ಸಂಗೀತ ನಾಟಕವೊಂದನ್ನು ಎರಡು ಗಂಟೆಯ ಚಲನಚಿತ್ರವಾಗಿ ಮಾಡಬೇಕೆಂಬ ಪ್ರಸ್ತಾಪ ಬಂದಿದೆ. ಆಲೆಮನೆಯೊಂದನ್ನೇ ನಂಬಿಕೊಂಡ ಮೂವರು ಅಣ್ಣತಮ್ಮಂದಿರ ಕಥೆ ಅದು. ಪ್ರದರ್ಶನದ ಅವಧಿ ಎರಡು ಮುಕ್ಕಾಲು ಗಂಟೆ, ಹಾಡುಗಳು 17. ರಂಗದ ಮೇಲೆ ನಾವು ಗಾಣವನ್ನು ಇಡುವುದಿಲ್ಲ. ಮೇಳದ ನಾಲ್ವರು ಒಂದು ಹಗ್ಗ ಹಿಡಿದು, ಬೆನ್ನು ಬಗ್ಗಿಸಿ, ಹಾಡುತ್ತ ಸುತ್ತು ಬರುತ್ತಾರೆ. ಅವರು ಎತ್ತುಗಳೂ ಹೌದು, ಸಾಲ ತೀರಿಸಲಾಗದ ಆ ಮನೆಯವರೂ ಹೌದು ಎಂಬುದು ಮೂರನೆಯ ಸುತ್ತಿಗೆಲ್ಲ ಪ್ರೇಕ್ಷಕರಿಗೆ ತಾನಾಗಿ ತಿಳಿದುಬಿಡುತ್ತದೆ.

ಕಳೆದ ತಿಂಗಳು ಇದೇ ಹಾಡನ್ನು ಪರೀಕ್ಷೆಗೆಂದು ನಿಜವಾದ ಆಲೆಮನೆಯಲ್ಲಿ ಚಿತ್ರೀಕರಿಸಿದೆವು. ಹೊಗೆ, ಕುದಿಯುವ ಕೊಪ್ಪರಿಗೆ, ಮೋಟಾರಿನಿಂದ ತಿರುಗುವ ಗಾಣ ಎಲ್ಲವೂ ಇದ್ದವು; ಆದರೆ ನಾಲ್ವರು ಬಾಯಿ ತೆರೆದು ಹಾಡತೊಡಗಿದ ಕೂಡಲೇ ನೋಡುತ್ತಿದ್ದ ನಮಗೇ ನಗು ಬಂತು. ರಂಗದ ಮೇಲೆ ಜನ ಕಣ್ಣೊರೆಸಿಕೊಳ್ಳುವ ಹಾಡು ಅದು. ತಪ್ಪು ಎಲ್ಲಿದೆ? 17 ಹಾಡುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದು ಹೇಗೆ?

ಸೈಡ್‌ವಿಂಗ್, ಮೈಸೂರು
ನಿಮ್ಮ ನಾಲ್ವರು ಎತ್ತುಗಳಾದದ್ದು ಅಲ್ಲಿ ಎತ್ತುಗಳಿರಲಿಲ್ಲವೆಂಬ ಕಾರಣದಿಂದ. ನಿಜವಾದ ಗಾಣ ಪಕ್ಕದಲ್ಲೇ ತಿರುಗುತ್ತಿರುವಾಗ ಅವರು ಬರೀ ಹಗ್ಗ ಹಿಡಿದ ನಾಲ್ಕು ಜನ, ಅಷ್ಟೆ. ರಂಗಾಯಣದ ಭೂಮಿಗೀತ ರಂಗಮಂದಿರದಂಥ ಜಾಗದಲ್ಲಿ ನಟ ಹಾಡುವುದು ಎದುರಿಗೆ ಕುಳಿತವರಿಗೆ. ಪಾತ್ರದಿಂದ ಅರ್ಧ ಹೆಜ್ಜೆ ಹೊರಗೆ ಬಂದು ಅವನು ನಮ್ಮೊಡನೆ ಮಾತನಾಡುತ್ತಾನೆ, ಅಲ್ಲಿಯವರೆಗೆ ಕಥೆ ಕಾಯುತ್ತದೆ. ಸಿನಿಮಾದಲ್ಲಿ ಆ ಎದುರಿನ ಜನ ಇಲ್ಲ. ಹಾಗಾಗಿ 17 ಹಾಡುಗಳನ್ನೂ ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ‘ಇದನ್ನು ಯಾರಿಗೆ ಹಾಡುತ್ತಿದ್ದಾರೆ’ ಎಂದು ಬರೆಯಿರಿ. ಪ್ರೇಕ್ಷಕರಿಗೆ ಎಂಬ ಉತ್ತರ ಬಂದ ಹಾಡುಗಳೆಲ್ಲ ನಿಮಗೆ ತೊಂದರೆ ಕೊಡುವಂಥವು.

‘ಕ್ಯಾಬರೆ’ ಚಿತ್ರ ಮಾಡುವಾಗ ನಿರ್ದೇಶಕ ಬಾಬ್ ಫಾಸಿ ಕಂಡುಕೊಂಡ ದಾರಿ ನೆನಪಾಗುತ್ತದೆ. 1966ರ ರಂಗನಾಟಕದಲ್ಲಿ ಪಾತ್ರಗಳು ಮನೆಯಲ್ಲೂ ಹಾಡುತ್ತಿದ್ದವು. 1972ರ ಚಿತ್ರದಲ್ಲಿ ಅವನು ಆ ಹಾಡುಗಳನ್ನು ಕೈಬಿಟ್ಟು, ಹಾಡುವುದನ್ನೆಲ್ಲ ಕಥೆ ನಡೆಯುವ ಬರ್ಲಿನ್ ಕ್ಲಬ್ಬಿನ ವೇದಿಕೆಗೆ ಸೀಮಿತಗೊಳಿಸಿದ. ಹೊರಗೆ ಉಳಿದದ್ದು ಒಂದೇ ಒಂದು, ಬಿಯರ್ ತೋಟದಲ್ಲಿ ನಾಜಿ ಹುಡುಗನೊಬ್ಬ ಹಾಡುವ ಹಾಡು. ಹಾಡು ವೇದಿಕೆಯಿಂದಿಳಿದು ಬೀದಿಗೆ ಬಂದಿತಲ್ಲ ಎಂಬುದೇ ಅಲ್ಲಿ ಮೈ ನಡುಗಿಸುತ್ತದೆ.

ಹಳೇ ಪೆಟ್ಟಿಗೆ, ಶ್ರೀರಂಗಪಟ್ಟಣ
ಸೈಡ್‌ವಿಂಗ್ ಅವರ ಹಾಳೆಯ ಉಪಾಯ ಚೆನ್ನಾಗಿದೆ, ಆದರೆ ಹಾಡಿಗೆ ಕಾರಣ ಕೊಡಲೇಬೇಕೆಂಬ ಹಟಕ್ಕೆ ನನ್ನ ಒಪ್ಪಿಗೆಯಿಲ್ಲ. ನಮ್ಮ ಸಿನಿಮಾ ಹುಟ್ಟಿದ್ದೇ ಕಂಪನಿ ನಾಟಕದ ಮಡಿಲಲ್ಲಿ. 1934ರ ‘ಸತಿ ಸುಲೋಚನ’ಕ್ಕೆ ಸಾಹಿತ್ಯ ಬರೆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ನಾಟಕಕಾರರು, ‘ಭೂಕೈಲಾಸ’ ಮೊದಲು ರಂಗವನ್ನು ಗೆದ್ದು ಆಮೇಲೆ ತೆರೆಗೆ ಬಂದದ್ದು, 1954ರ ‘ಬೇಡರ ಕಣ್ಣಪ್ಪ’ದ ಹಿಂದೆ ಗುಬ್ಬಿ ಕಂಪನಿಯ ನಾಟಕವಿದೆ. ಕಾಡಿನಲ್ಲಿ ಪಿಟೀಲು ಎಲ್ಲಿಂದ ಬಂತೆಂದು ನಮ್ಮ ಜನ ಎಂದಾದರೂ ಕೇಳಿದ್ದುಂಟೇ?

ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ಕಲಿಸುವ ಮೇಷ್ಟರ ಪಕ್ಕದಲ್ಲಿ ಕುಳಿತು ತಾಳ ಹಾಕಿದವನು ನಾನು. ಕೃಷ್ಣನ ಪಾತ್ರಧಾರಿ ಕಂದಪದ್ಯಕ್ಕೆ ಮೊದಲು ಹಾರ್ಮೋನಿಯಂ ಪೆಟ್ಟಿಗೆಯ ಕಡೆಗೆ ಒಮ್ಮೆ ಕಣ್ಣು ಹಾಯಿಸುತ್ತಾನೆ, ಮೇಷ್ಟರು ಕಾಲಿನಿಂದ ತಿದಿ ಒತ್ತಿ ಶ್ರುತಿ ಹಿಡಿಯುತ್ತಾರೆ, ಆ ಎರಡು ಕ್ಷಣದಲ್ಲಿ ಜನರೆಲ್ಲ ಈಗ ಹಾಡು ಬರುತ್ತದೆಂದು ನೆಟ್ಟಗೆ ಕೂರುತ್ತಾರೆ. ನಿಮ್ಮ ಪರೀಕ್ಷಾ ಚಿತ್ರೀಕರಣದಲ್ಲಿ ತಪ್ಪಿಹೋದದ್ದು ಈ ಕಣ್ಸನ್ನೆ ಎಂದು ನನ್ನ ಊಹೆ. ಹಾಡಿನತ್ತ ಜನರನ್ನು ಕರೆದೊಯ್ಯದೆ ನೇರವಾಗಿ ಬಾಯಿ ತೆರೆಸಿದಿರಿ. ಮೊದಲು ಕೊಪ್ಪರಿಗೆಯಲ್ಲಿ ಪಾಕ ತಿರುವುವ ಸದ್ದು ಕೇಳಲಿ, ಅದು ತಾಳಕ್ಕೆ ಕೂರಲಿ, ಒಬ್ಬರು ಗುನುಗಲಿ, ಆಮೇಲೆ ಮಿಕ್ಕವರು ಸೇರಿಕೊಳ್ಳಲಿ. ‘ಯಾರಿಗೆ’ ಎಂಬ ಪ್ರಶ್ನೆಗೂ ಉತ್ತರ ಮನುಷ್ಯರೇ ಆಗಬೇಕಿಲ್ಲ. ಕಾರ್ನಾಡರ ನಾಟಕವನ್ನು ಆಧರಿಸಿ ನಾಗಾಭರಣರು 1997ರಲ್ಲಿ ತೆರೆಗೆ ತಂದ ‘ನಾಗಮಂಡಲ’ದಲ್ಲಿ ಕಂಬದ ಮೇಲಿನ ಗೊಂಬೆಯನ್ನು ಕರೆದು ಹಾಡುವ ಹಾಡಿದೆಯಲ್ಲ, ಸಿ. ಅಶ್ವಥ್ ಅವರ ಸಂಗೀತದ್ದು. ಮಾತನಾಡಿಸುವವರಿಲ್ಲದ ಮನೆಯಲ್ಲಿ ಹೆಣ್ಣೊಬ್ಬಳು ಗೊಂಬೆಗಲ್ಲದೆ ಇನ್ನಾರಿಗೆ ಹಾಡಿಯಾಳು?

ಧ್ವನಿಪೆಟ್ಟಿ, ಮೈಸೂರು
ನನ್ನದು ಧ್ವನಿಗ್ರಹಣದ ಕೆಲಸ. ಅದರ ಮಟ್ಟಿಗೆ ಹೇಳುತ್ತೇನೆ. ರಂಗಗಾಯನವೆಂದರೆ ಕೊನೆಯ ಸಾಲಿಗೆ ಮುಟ್ಟಿಸುವ ದನಿ. ಮುಖದ ಹತ್ತಿರ ಕ್ಯಾಮೆರಾ ಬಂದಾಗ ಅದೇ ದನಿ ಅರಚಾಟದಂತೆ ಕೇಳಿಸುತ್ತದೆ, ಕತ್ತಿನ ನರಗಳು ಕಾಣುತ್ತವೆ. ಮೊದಲೇ ಧ್ವನಿಮುದ್ರಿಸಿ ತುಟಿ ಕೂಡಿಸಿದರೆ ಶುದ್ಧವಾಗಿರುತ್ತದೆ, ಆದರೆ ನಟ ಮೂರು ತಿಂಗಳ ಹಿಂದಿನ ತನ್ನದೇ ಭಾವಕ್ಕೆ ಕಟ್ಟುಬೀಳುತ್ತಾನೆ. 2012ರ ‘ಲೆ ಮಿಸರಾಬ್ಲ್’ ಚಿತ್ರದಲ್ಲಿ ನಟರು ಚಿತ್ರೀಕರಣದ ಜಾಗದಲ್ಲೇ ಹಾಡಿದರು. ಕಿವಿಯೊಳಗಿನ ಸಣ್ಣ ಸಾಧನದಲ್ಲಿ ಅವರಿಗೆ ಪಿಯಾನೊ ಕೇಳಿಸುತ್ತಿತ್ತು, ಪಿಯಾನೊ ನುಡಿಸುವವರು ನಟರ ನಡೆಯನ್ನು ಹಿಂಬಾಲಿಸುತ್ತಿದ್ದರು, ವಾದ್ಯವೃಂದವನ್ನು ಆಮೇಲೆ ಸೇರಿಸಲಾಯಿತು. ಅದನ್ನು ನೀವೂ ಮಾಡಬಹುದು, ಪಿಯಾನೊ ಬದಲು ಹಾರ್ಮೋನಿಯಂ ಇರಲಿ. ಹಾಡುವಾಗ ಗಾಣದ ಮೋಟಾರು ನಿಲ್ಲಿಸಿ. ಗಾಣ, ಒಲೆ, ಕುದಿತ ಇವನ್ನು ಬೇರೆಯಾಗಿ ಮುದ್ರಿಸಿಕೊಂಡು ಕೂಡಿಸಬಹುದು.

ಇನ್ನೊಂದು ಮಾತು. ಹಕ್ಕುಗಳನ್ನು ಈಗಲೇ ಲಿಖಿತವಾಗಿ ಪಡೆಯಿರಿ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನಾಟಕಕಾರರ ಒಪ್ಪಿಗೆ ಬೇರೆ, ಹಾಡು ಬರೆದವರದು ಬೇರೆ, ಮಟ್ಟು ಹಾಕಿದವರದು ಬೇರೆ. 2012ರ ತಿದ್ದುಪಡಿಯ ನಂತರ ಗೀತಕಾರರಿಗೂ ಸಂಗೀತಗಾರರಿಗೂ ರಾಯಧನದ ಹಕ್ಕು ಗಟ್ಟಿಯಾಗಿದೆ. ಸ್ನೇಹಿತರಲ್ಲವೇ ಎಂದು ಬಾಯಿಮಾತಿನಲ್ಲಿ ಬಿಟ್ಟ ತಂಡವೊಂದರ ಚಿತ್ರ ಸಂಕಲನ ಮುಗಿದ ಮೇಲೆ ಮೂಲೆಗೆ ಬಿದ್ದದ್ದನ್ನು ಕಂಡಿದ್ದೇನೆ.

ಕೆರೆಯಂಗಳ, ಮಂಡ್ಯ
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಹಾಳೆ ಹಿಡಿದು ಕುಳಿತೆವು. ಆರು ಹಾಡುಗಳಿಗೆ ಉತ್ತರ ತಟ್ಟನೆ ಸಿಕ್ಕಿತು: ಎರಡು ಮಗುವಿಗೆ, ಒಂದು ದೇವರಿಗೆ, ಒಂದು ಸತ್ತ ಎತ್ತಿಗೆ, ಮಿಕ್ಕವು ಒಬ್ಬರಿಗೊಬ್ಬರು. ಏಳು ಹಾಡುಗಳು ದೃಶ್ಯ ಬದಲಾಯಿಸುವಾಗ ಹೊತ್ತು ತುಂಬಿಸಲು ಮೇಳಕ್ಕೆ ಕೊಟ್ಟವು ಎಂಬುದು ಆಗ ಹೊಳೆಯಿತು. ಸಿನಿಮಾದಲ್ಲಿ ಎಳೆಯುವ ರಂಗಪರದೆಯೇ ಇಲ್ಲದಿರುವಾಗ ಅವುಗಳ ಕೆಲಸ ಮುಗಿದಂತೆಯೇ. ಉಳಿದ ನಾಲ್ಕರ ಬಗ್ಗೆ ಇನ್ನೂ ಜಗಳವಿದೆ, ಹಗ್ಗದ ಹಾಡೂ ಅವುಗಳಲ್ಲಿ ಒಂದು. ಅದನ್ನು ಕೊನೆಯ ಕೊಪ್ಪರಿಗೆ ಇಳಿಸಿ, ಮೋಟಾರು ನಿಲ್ಲಿಸಿ, ಪಾಕವನ್ನು ಅಚ್ಚಿಗೆ ಸುರಿಯುತ್ತಿರುವಾಗ ಹಿರಿಯಣ್ಣನೊಬ್ಬನೇ ಗುನುಗುವಂತೆ ಬರುವ ಭಾನುವಾರ ಮತ್ತೊಮ್ಮೆ ಚಿತ್ರೀಕರಿಸುತ್ತೇವೆ. ಮಟ್ಟು ಹಾಕಿದವರಿಗೆ ಪತ್ರ ಬರೆಯುವ ಕೆಲಸವನ್ನು ಮಾತ್ರ ಇಂದೇ ಮುಗಿಸುತ್ತಿದ್ದೇವೆ.