ಕರೆಂಟ್ ಕಂಬ ಹಾವಿನ ಹಾಗೆ ಬಳುಕುತ್ತಿದೆ, ಮೂರು ವಾರದಿಂದ ತಲೆ ಕೆಟ್ಟಿದೆ

ಕಬ್ಬಿನಗದ್ದೆ (ಮುಧೋಳ):
ಡ್ರೋನ್ ವಿಡಿಯೋ ನಡುಗುವುದು ನಿಲ್ಲುತ್ತಲೇ ಇಲ್ಲ. ಹಾರಾಟದಲ್ಲಿ ಏನೂ ತೊಂದರೆ ಇಲ್ಲ, ಸ್ಟಿಕ್ ಬಿಟ್ಟರೆ ನಿಂತಲ್ಲೇ ನಿಲ್ಲುತ್ತದೆ. ಆದರೆ ಮನೆಗೆ ಬಂದು ಲ್ಯಾಪ್‌ಟಾಪಿಗೆ ಹಾಕಿದರೆ ಬದುವಿನ ಮೇಲಿನ ಕರೆಂಟ್ ಕಂಬ ಹಾವಿನ ಹಾಗೆ ಬಳುಕುತ್ತದೆ, ಘಟಪ್ರಭೆಯ ದಂಡೆ ಜೆಲ್ಲಿ ಥರ ಅಲುಗುತ್ತದೆ. ಸ್ಟೆಬಿಲೈಸೇಶನ್ ಆನ್ ಮಾಡಿ ನೋಡಿದೆ, ಆಫ್ ಮಾಡಿ ನೋಡಿದೆ, ಅಷ್ಟೇ. ಮುಂದಿನ ವಾರ ಅಕ್ಕನ ಮಗನ ಜಾವಳ ಇದೆ, ಅಷ್ಟರಲ್ಲಿ ಸರಿ ಆಗಬೇಕು.

ಗುಮ್ಮಟದೂರು (ವಿಜಯಪುರ):
ಯಾವ ಡ್ರೋನ್, ಯಾವ ಕ್ಯಾಮೆರಾ ಅಂತ ಹೇಳದೆ ಔಷಧ ಕೇಳಿದರೆ ಹೇಗೆ? ಇರಲಿ. ಎನ್‌ಡಿ ಫಿಲ್ಟರ್ ಹಾಕಿ, ಅಂದರೆ ಲೆನ್ಸಿಗೆ ಬೆಳಕು ಕಡಿಮೆ ಮಾಡುವ ಕಪ್ಪು ಗಾಜು. ನಮ್ಮ ಕಡೆ ಬಿಸಿಲಿಗೆ ಶಟರ್ 1/2000 ಸೆಕೆಂಡಿಗೆ ಓಡಿರುತ್ತದೆ. ಎನ್‌ಡಿ32 ಹಾಕಿದರೆ 1/60ಕ್ಕೆ ಇಳಿಯುತ್ತದೆ, ಸೆಕೆಂಡಿಗೆ 30 ಫ್ರೇಮಿನ ವಿಡಿಯೋಗೆ ಅದೇ ಸರಿ.

ಕಬ್ಬಿನಗದ್ದೆ:
ಎಫ್450 ಫ್ರೇಮ್, 920 ಕೆವಿ ಮೋಟರ್, 9450 ಪ್ರಾಪ್ (ಪ್ರೊಪೆಲ್ಲರ್), ಹಾರಾಟ ನಿಯಂತ್ರಿಸಲು ಪಿಕ್ಸ್‌ಹಾಕ್ ಫ್ಲೈಟ್ ಕಂಟ್ರೋಲರ್, ಗೋಪ್ರೋ 7 ಕ್ಯಾಮೆರಾ. ಎಲ್ಲರೂ ಇದನ್ನೇ ತಾನೆ ಹಾರಿಸುವುದು ಅಂತ ಬರೆಯಲಿಲ್ಲ.

ಕುಂದಾ_ಪ್ರಿಯ (ಬೆಳಗಾವಿ):
ಫಿಲ್ಟರ್ ಹಾಕಿದರೆ ನಡುಕ ಮಸುಕಾಗುತ್ತದೆ, ಹೋಗುವುದಿಲ್ಲ. ನೋವಿನ ಮೇಲೆ ಅರಿಶಿನ ಬಳಿದ ಹಾಗೆ. ಪ್ರಾಪ್ ಬ್ಯಾಲೆನ್ಸ್ ಮಾಡಿ. ಹಗುರ ಇರುವ ರೆಕ್ಕೆಗೆ ಸೆಲೋಟೇಪ್ ತುಂಡು ಅಂಟಿಸಿ. ನಿಮಿಷಕ್ಕೆ 5000 ಸುತ್ತು ಅಂದರೆ ಸೆಕೆಂಡಿಗೆ 83. ಕ್ಯಾಮೆರಾ ಸೆನ್ಸರ್ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುತ್ತದೆ, ಓದಿ ಮುಗಿಸುವುದರೊಳಗೆ ಡ್ರೋನ್ ಆ ಕಡೆ ಈ ಕಡೆ ಅಲುಗಿರುತ್ತದೆ. ಕಂಬ ಬಳುಕುವುದು ಅದಕ್ಕೇ.

ಕಬ್ಬಿನಗದ್ದೆ:
ನಾಲ್ಕೂ ಬ್ಯಾಲೆನ್ಸ್ ಮಾಡಿದೆ. ಏನೂ ಫರಕ್ ಇಲ್ಲ.

ಕುಂದಾ_ಪ್ರಿಯ:
ಮತ್ತೆ ಮಾಡಿ. ರೆಕ್ಕೆ ಅಷ್ಟೇ ಅಲ್ಲ, ನಡುವಿನ ಹಬ್ ಕೂಡ ನೋಡಬೇಕು.

ಗುಮ್ಮಟದೂರು:
ಎನ್‌ಡಿ ಹಾಕಿದ್ರಾ ಇಲ್ವಾ ಅದನ್ನು ಹೇಳಿ ಮೊದಲು.

ನಿಯಮಪಾಲಕ:
ಇದು 250 ಗ್ರಾಂ ದಾಟುತ್ತದೆ, ಅತಿ ಸಣ್ಣ ಡ್ರೋನ್‌ಗಳ ನ್ಯಾನೋ ವರ್ಗದ್ದಲ್ಲ. 2021ರ ಡ್ರೋನ್ ನಿಯಮ ಓದಿದ್ದೀರಾ? ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಿ ಹಾರಿಸುತ್ತೀರಾ?

ಕಬ್ಬಿನಗದ್ದೆ:
ನಮ್ಮ ಹೊಲ ಹಸಿರು ವಲಯದಲ್ಲೇ ಇದೆ ಸ್ವಾಮಿ. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಪಕ್ಕ ಹಾರಿಸುತ್ತಿಲ್ಲ. ಕೇಳಿದ್ದು ನಡುಕದ ಬಗ್ಗೆ.

ಕುಂದಾ_ಪ್ರಿಯ:
ಸಾಂಬ್ರಾ ಸುದ್ದಿ ಯಾಕೆ? ನಾವು ಬೆಳಗಾವಿಯವರು ಊರಾಚೆ ಹೋಗಿಯೇ ಹಾರಿಸುವುದು. ಅಂದಹಾಗೆ ನಂದು ಕಾರ್ಬನ್ ಫ್ರೇಮಿನ 7 ಇಂಚಿನದು, ಫ್ಲೈಟ್ ಕಂಟ್ರೋಲರ್ ರಬ್ಬರ್ ಗ್ರಾಮೆಟ್ ಮೇಲೆ ಕೂತಿದೆ, ವಿಡಿಯೋ ಬೆಣ್ಣೆ.

ಗುಮ್ಮಟದೂರು:
ಬ್ಯಾಟರಿ ಎಷ್ಟು ಎಸ್ (ಸೆಲ್)?

ಕುಂದಾ_ಪ್ರಿಯ:
6 ಎಸ್. ಫೋಟೋ ಹಾಕಲಾ?

ಆಲಮಟ್ಟಿಗಾಳಿ (ಬಾಗಲಕೋಟೆ):
ಫೋಟೋ ಆಮೇಲೆ ಹಾಕಿ. ಕಬ್ಬಿನಗದ್ದೆಯವರೇ, ಪಿಕ್ಸ್‌ಹಾಕ್ ಬರೆದಿಡುವ ಹಾರಾಟದ ಲಾಗಿನಲ್ಲಿ ವೈಬ್ (ನಡುಕದ ಅಳತೆ) ಎಷ್ಟಿದೆ? ಆರ್ಡುಪೈಲಟ್ ಸಾಫ್ಟ್‌ವೇರಿನಲ್ಲಿ 30ರ ಒಳಗಿದ್ದರೆ ಚಿಂತೆ ಇಲ್ಲ, 60 ದಾಟಿದರೆ ಗ್ರಹಚಾರ. ಡ್ರೋನ್ ಎಲ್ಲಾದರೂ ಬಿದ್ದಿತ್ತಾ?

ಕಬ್ಬಿನಗದ್ದೆ:
ಎಕ್ಸ್ 11, ವೈ 12, ಝಡ್ 17. ಹೋದ ತಿಂಗಳು ಕಬ್ಬಿನೊಳಗೆ ಬಿದ್ದಿತ್ತು. ಕಬ್ಬು ಮುರಿಯಿತು, ಡ್ರೋನ್‌ಗೆ ಏನೂ ಆಗಲಿಲ್ಲ. ಅದನ್ನೇನು ಹೇಳುವುದು ಅಂತ ಬಿಟ್ಟೆ.

ಆಲಮಟ್ಟಿಗಾಳಿ:
ಹೇಳಬೇಕಿತ್ತು! 17 ಅಂದರೆ ಪ್ರಾಪ್, ಮೋಟರ್ ಎರಡೂ ಬಹುಮಟ್ಟಿಗೆ ಸರಿ ಇವೆ. ಕಂಟ್ರೋಲರಿಗೆ ಗೊತ್ತಾಗದ ನಡುಕ ಕ್ಯಾಮೆರಾಗೆ ಗೊತ್ತಾಗುತ್ತಿದೆ ಅಂದರೆ ತಪ್ಪು ಇರುವುದು ಫ್ರೇಮ್ ಮತ್ತು ಕ್ಯಾಮೆರಾ ನಡುವೆ. ಆ ಜಾಗದ ಫೋಟೋ ಹಾಕಿ, ಹತ್ತಿರದಿಂದ.

ಕುಂದಾ_ಪ್ರಿಯ:
ಕಂಟ್ರೋಲರ್ ಫೋಮ್ ಮೇಲಿದ್ದರೆ ಲಾಗ್ ನಂಬಬಾರದು. ನಾನು ಈಗಲೂ ಪ್ರಾಪ್ ಅಂತಲೇ ಹೇಳುವುದು.

ಕಬ್ಬಿನಗದ್ದೆ:
ಫೋಟೋ ಹಾಕಿದ್ದೇನೆ. ನಾಲ್ಕು ರಬ್ಬರ್ ಬಾಲ್, ಕೆಳಗೆ ಪ್ಲೇಟ್, ಪ್ಲೇಟಿಗೆ ಗೋಪ್ರೋ. ಬಿದ್ದಾಗ ಎರಡು ಬಾಲ್ ಕಿತ್ತು ಬಂದಿದ್ದವು, ಮತ್ತೆ ಕೂರಿಸಿದೆ. ಇನ್ನೊಮ್ಮೆ ಕ್ಯಾಮೆರಾ ಬೀಳಬಾರದು ಅಂತ ನಾಲ್ಕು ಮೂಲೆಗೂ ಜಿಪ್ ಟೈ ಹಾಕಿ ಗಟ್ಟಿಯಾಗಿ ಎಳೆದಿದ್ದೇನೆ.

ಆಲಮಟ್ಟಿಗಾಳಿ:
ಸಿಕ್ಕಿತು ಕಳ್ಳ. ನಿಮ್ಮ ಫೋಟೋದಲ್ಲಿ ಬಾಲ್‌ಗಳು ಹಪ್ಪಳದ ಹಾಗೆ ಚಪ್ಪಟೆ ಆಗಿವೆ. ಪ್ಲೇಟು ತೂಗಾಡಬೇಕು, ನೀವು ಕಟ್ಟಿಹಾಕಿದ್ದೀರಿ, ರಬ್ಬರ್ ಇದ್ದೂ ಇಲ್ಲದ ಹಾಗೆ. ಟೈ ಕತ್ತರಿಸಿ. ಬೀಳುವ ಭಯ ಇದ್ದರೆ ನೈಲಾನ್ ದಾರವನ್ನು ಒಂದು ಬೆರಳು ಸಡಿಲ ಬಿಟ್ಟು ಕಟ್ಟಿ. ಬೆರಳಲ್ಲಿ ಕ್ಯಾಮೆರಾ ಒತ್ತಿದರೆ ಮೆತ್ತಗೆ ಹೋಗಿ ವಾಪಸ್ ಬರಬೇಕು.

ಕಬ್ಬಿನಗದ್ದೆ:
ಈಗಷ್ಟೇ ಹಾರಿಸಿ ಬಂದೆ. ಕಂಬ ನೆಟ್ಟಗೆ ನಿಂತಿದೆ! ಮೂರು ವಾರ ನಾನೇ ಕಟ್ಟಿದ ಟೈ ಬಿಟ್ಟು ಬೇರೆ ಎಲ್ಲವನ್ನೂ ಬಿಚ್ಚಿ ನೋಡಿದ್ದೆ. ಆದರೆ ನೇರ ಕೆಳಗೆ ಇಳಿಸುವಾಗ ಇನ್ನೂ ಗಡಗಡ ಅನ್ನುತ್ತದೆ.

ಆಲಮಟ್ಟಿಗಾಳಿ:
ಅದು ಬೇರೆ. ತನ್ನದೇ ರೆಕ್ಕೆ ಕೆಡಿಸಿದ ಗಾಳಿಯೊಳಗೆ ತಾನೇ ಇಳಿಯುತ್ತಿದೆ. ನಿಧಾನಕ್ಕೆ, ಸ್ವಲ್ಪ ಮುಂದೆ ಸಾಗುತ್ತಾ ಓರೆಯಾಗಿ ಇಳಿಸಿ.

ಕುಂದಾ_ಪ್ರಿಯ:
ಇಳಿಯುವಾಗ ನಡುಗಿದರೆ ಅದು ಪ್ರಾಪೇ.

ಗುಮ್ಮಟದೂರು:
ಎನ್‌ಡಿ ಕೊನೆಗೂ ಹಾಕಲಿಲ್ಲ ಅಲ್ವಾ?